ಅಪ್ಪಣೆ ಕೊಡದ ಮೇಡಂ

ನಾನು ಒಬ್ಬ ಕೋಚನ್ನು ಹಿಡಿದಿದ್ದೇನೆ ಎಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು. “ಈ ವಯಸ್ಸಿನಾಗ ಕೆಎಎಸ್ ಬರೀತೀರೇನ್ರಿ?”

ನಾನು ಹಿಡಿದದ್ದು ನೌಕರಿ ಬಿಡಲೋ ಬೇಡವೋ ಅಂತ ಯೋಚಿಸಲು ನೆರವಾಗುವ ಕೋಚನ್ನು. ಆದರೂ ಅವಳದೇನೂ ತಪ್ಪಿಲ್ಲ. ನಾವಿರುವುದು ಧಾರವಾಡದಲ್ಲಿ. ಇಲ್ಲಿ ಕೋಚಿಂಗ್ ಅಂದರೆ ಸಪ್ತಾಪುರ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಬೋರ್ಡು ಓದುತ್ತ ಹೋದರೆ ರಸ್ತೆ ಮುಗಿಯುತ್ತದೆ, ಬೋರ್ಡು ಮುಗಿಯುವುದಿಲ್ಲ. ಅದು ಬಿಟ್ಟರೆ ಕೋಚ್ ಅಂದರೆ ರೈಲಿನ ಡಬ್ಬಿ. ಪಕ್ಕದ ಹುಬ್ಬಳ್ಳಿ ರೈಲ್ವೆಯವರ ಊರು, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಅಲ್ಲೇ ಇದೆ. “ಯಾವ ಕೋಚು ಪಪ್ಪಾ, ಎಸ್-4 ಏನು?” ಅಂತ ಮಗಳೂ ಸೇರಿಕೊಂಡಳು.

ಆಮೇಲೆ ಸುಮ್ನೆ ಹುಡುಕಿ ನೋಡಿದೆ. ಮಗಳ ತಮಾಷೆ ಪೂರ್ತಿ ತಮಾಷೆಯಲ್ಲ. ಹಂಗೇರಿಯಲ್ಲಿ ಕೋಚ್ ಅಂತ ಒಂದು ಹಳ್ಳಿ ಇದೆ. ಅಲ್ಲಿ ಮಾಡುತ್ತಿದ್ದ ಕುದುರೆ ಗಾಡಿಗೆ ಊರಿನ ಹೆಸರೇ ಬಿತ್ತು, ಗಾಡಿಯಿಂದ ರೈಲಿನ ಡಬ್ಬಿಗೆ ಬಂತು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾಲೇಜು ಹುಡುಗರು ತಮ್ಮನ್ನು ಪರೀಕ್ಷೆ ದಾಟಿಸುವ ಮಾಸ್ತರಿಗೆ ಅದೇ ಹೆಸರಿಟ್ಟರು. ಕೂರಿಸಿಕೊಂಡು ಊರು ಮುಟ್ಟಿಸುವವನು ಅಂತ. ನನ್ನ ತಲೆಯಲ್ಲೂ ಇದ್ದದ್ದು ಅದೇ. 24 ಸಾವಿರ ಕೊಡುತ್ತೇನೆ, ಹತ್ತಿ ಕೂರುತ್ತೇನೆ, ಇಳಿಸಿ ಬಿಡಲಿ.

ನನ್ನ ವಿಷಯ ಹೇಳುತ್ತೇನೆ. 1998ರಲ್ಲಿ, 22ನೇ ವಯಸ್ಸಿಗೆ, ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿದೆ. 2006ರಲ್ಲಿ ಆಫೀಸರ್ ಆದೆ. ನಾನು ಸೇರುವಾಗ ಕರ್ನಾಟಕದಲ್ಲಿ ಹುಟ್ಟಿದ ಸರ್ಕಾರಿ ಬ್ಯಾಂಕುಗಳು ಐದಿದ್ದವು. 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನೊಳಗೆ ಹೋಯಿತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದೊಳಗೆ. 2020ರ ಏಪ್ರಿಲ್ 1ಕ್ಕೆ ಒಂದೇ ದಿನ ಸಿಂಡಿಕೇಟ್ ಹೋಗಿ ಕೆನರಾ ಸೇರಿತು, ಕಾರ್ಪೊರೇಷನ್ ಹೋಗಿ ಯೂನಿಯನ್ ಬ್ಯಾಂಕ್ ಸೇರಿತು. ಐದರಲ್ಲಿ ಹೆಸರು ಉಳಿದದ್ದು ಕೆನರಾ ಒಂದರದ್ದೇ. ಆ ಐದರಲ್ಲಿ ಒಂದು ನನ್ನದು. ಯಾವುದು ಅನ್ನೋದು ಬೇಡ. ನಾನು ಬಿಟ್ಟದ್ದಕ್ಕೆ ಬ್ಯಾಂಕು ಕಾರಣವಲ್ಲ. ತಿಂಗಳ ಕೊನೆಗೆ ತಪ್ಪದೆ ಪಗಾರ ಕೊಟ್ಟಿದೆ, ಅದರ ಅನ್ನ ತಿಂದಿದ್ದೇನೆ.

ಬ್ಯಾಂಕು ಅಂದರೆ ನಮ್ಮ ಮನೆಯಲ್ಲಿ ದೇವರು. ಅಪ್ಪ ಪೇಟಿ ಮಾಸ್ತರ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಕಂಪನಿ ನಾಟಕದಲ್ಲಿ ಕೆಲವು ವರ್ಷ ಬಾರಿಸಿದರು, ಆಮೇಲೆ ನವಲಗುಂದ ತಾಲ್ಲೂಕಿನ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಕಲಿಸುತ್ತ ತಿರುಗಿದರು. ನಾಟಕ ಕಲಿಸಿದ್ದಕ್ಕೆ ಎರಡು ಚೀಲ ಜೋಳ, ಒಂದು ಧೋತರ, ಕೈಗೊಂದಿಷ್ಟು ರೊಕ್ಕ. 1990ರಲ್ಲಿ ತೀರಿಕೊಂಡರು. ನನಗಾಗ 14. ಅವ್ವ ರೊಟ್ಟಿ ಬಡಿದು ಮಾರಿದಳು. ರೊಟ್ಟಿಯ ರೊಕ್ಕದಲ್ಲಿ ದಿನಾ ಎರಡು ರೂಪಾಯಿ ಪಿಗ್ಮಿ ಕಟ್ಟಿದಳು. ಪಿಗ್ಮಿ ನಮ್ಮ ರಾಜ್ಯದ ಕೂಸೇ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆ ಕೂಡಿಸುವ ಲೆಕ್ಕದಲ್ಲಿ ಶುರು ಮಾಡಿದ್ದು. ನನ್ನ ಕಾಲೇಜಿನ ಫೀ ಆ ಪಿಗ್ಮಿ ದುಡ್ಡು. ದಿನಾ ಸಂಜೆ ಬಗಲಲ್ಲಿ ಚೀಲ ಹಾಕಿಕೊಂಡು ಬರುತ್ತಿದ್ದ ಪಿಗ್ಮಿ ಅಣ್ಣ ಅವ್ವನ ಕಣ್ಣಿಗೆ ಕಲೆಕ್ಟರ್ ಸಾಹೇಬರಿಗಿಂತ ದೊಡ್ಡವನು. ಮಗ ಬ್ಯಾಂಕು ಸೇರಿದ ದಿನ ಅವಳು ಅಪ್ಪನ ಪೇಟಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದಳು. “ಇನ್ನ ಇದರ ಕಾಟ ಮುಗೀತು” ಅಂದಳು.

ಕಾಟ ಮುಗಿದಿರಲಿಲ್ಲ. 2019ರಲ್ಲಿ ನನ್ನನ್ನು ಗುಜರಾತಿಗೆ ಹಾಕಿದರು, ಭಾವನಗರದ ಕಡೆ. ಸಂಸಾರ ಇಲ್ಲೇ, ನಾನೊಬ್ಬನೇ ಅಲ್ಲಿ. ಆ ಜಿಲ್ಲೆಯಲ್ಲಿ ಪಾಲಿಟಾಣಾ ಅಂತ ಊರು. ಶತ್ರುಂಜಯ ಬೆಟ್ಟದ ಜೈನ ಬಸದಿಗಳಿಗೆ ಹೆಸರಾದದ್ದು. ಪೇಟಿಯವರಿಗೆ ಮಾತ್ರ ಅದು ಬೇರೆ ಕಾರಣಕ್ಕೆ ಕ್ಷೇತ್ರ. ಹಾರ್ಮೋನಿಯಂನೊಳಗೆ ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳಿಗೆ ಪಾಲಿಟಾಣಾ ಅಂದರೆ ಇಡೀ ದೇಶದಲ್ಲಿ ಒಂದು ಮರ್ಯಾದೆ. ನನಗೆ ಗೊತ್ತಿರಲಿಲ್ಲ. ಸಾಲದ ಅರ್ಜಿಯೊಂದರ ಸ್ಥಳ ಪರಿಶೀಲನೆಗೆ ಹೋದೆ. ಸಣ್ಣ ವರ್ಕ್‌ಶಾಪು, ಹಿತ್ತಾಳೆ ಪುಡಿ, ಎಣ್ಣೆ ವಾಸನೆ, ಮೂರು ಜನ ನೆಲದ ಮೇಲೆ ಕೂತು ಅರ ಹಾಕುತ್ತಿದ್ದರು. ಮಾಲೀಕ ಒಂದು ರೀಡ್ ಎತ್ತಿ ತುಟಿಗೆ ಹಚ್ಚಿ ಊದಿದ. ಬರೀ ಒಂದು ಸ್ವರ. ನಾನು ಫೈಲು ಹಿಡಿದು ನಿಂತವನು ಅಲ್ಲೇ ನಿಂತೆ. ಆ ಸ್ವರ ಅಪ್ಪನ ಪೇಟಿಯದು. ನಾಟಕ ಶುರುವಾಗುವ ಮೊದಲು ಅವರು ಒತ್ತಿ ಹಿಡಿಯುತ್ತಿದ್ದದ್ದು ಬಿಳಿ ನಾಲ್ಕು, ಅಂದರೆ ನಾಲ್ಕನೇ ಬಿಳಿ ಕೀ.

ಸಾಲ ಮಂಜೂರು ಮಾಡಿದೆ. ಕಾಗದಪತ್ರ ಸರಿ ಇದ್ದವು, ಅದಕ್ಕೆ.

2022ರಲ್ಲಿ ವರ್ಗವಾಗಿ ಊರ ಹತ್ತಿರ ಬಂದೆ. ಬಂದವನೇ ಅಟ್ಟದಿಂದ ಪೇಟಿ ಇಳಿಸಿದೆ. ತಿದಿಯ ಚರ್ಮವನ್ನು ಇಲಿ ತಿಂದಿತ್ತು. ರಿಪೇರಿಗೆ ಹುಬ್ಬಳ್ಳಿಯ ಒಬ್ಬ ಮುದುಕರ ಹತ್ತಿರ ಒಯ್ದೆ. ಒಂದು ಭಾನುವಾರ ಹೋಗಿ ಕೂತೆ, ಮುಂದಿನ ಭಾನುವಾರ ಮತ್ತೆ ಹೋದೆ. ಸೋಮವಾರ ಬೆಳಿಗ್ಗೆ ಬ್ರಾಂಚಿನ ಶಟರ್ ಎತ್ತುವ ಹೊತ್ತಿಗೆ ಹೊಟ್ಟೆಯೊಳಗೆ ಏನೋ ಭಾರ. ವಯಸ್ಸು 46. ಮಗಳು ಪಿಯುಸಿ. ಗೃಹಸಾಲ ಇನ್ನೂ ಆರು ವರ್ಷ.

ಇಂಥ ಹೊತ್ತಲ್ಲಿ ಮನುಷ್ಯ ಮೊದಲು ಮೊಬೈಲು ನೋಡುತ್ತಾನೆ. ನಾನೂ ನೋಡಿದೆ. “ನಿಮ್ಮ ಕನಸಿನ ಜೀವನ” ಅಂತ ಒಂದು ಉಚಿತ ವೆಬಿನಾರ್‌ಗೆ ಸೇರಿದೆ. ಎರಡು ತಾಸು ಒಬ್ಬ ಕೋಟು ಹಾಕಿದವನು ನಮ್ಮ ಕೈಯಿಂದ ಹಾಳೆಗೆ ನಮ್ಮ ಕನಸಿನ ಚಿತ್ರ ಅಂಟಿಸಿಸಿದ. ಕೊನೆಗೆ, ಇವತ್ತು ರಾತ್ರಿ 12ರೊಳಗೆ ಸೇರಿದರೆ 49,999 ರೂಪಾಯಿ, ನಾಳೆಯಾದರೆ ಒಂದು ಲಕ್ಷ ಅಂದ. ನಾನು ಬ್ಯಾಂಕಿನವನು, ಆ ಧಾಟಿ ಗೊತ್ತು. ಕಾಲ್ ಕಟ್ ಮಾಡಿ ಮಲಗಿದೆ. ಆ ವೆಬಿನಾರ್‌ನಲ್ಲೂ ಏರ್ ಡೆಕ್ಕನ್ ವಿಮಾನ ಕಂಪನಿಯ ಕ್ಯಾಪ್ಟನ್ ಗೋಪಿನಾಥರ ಕಥೆ ಬಂತು. ಹಾಸನದ ಕಡೆ ರೈತರಾಗಿದ್ದವರು 2003ರಲ್ಲಿ, 50 ದಾಟಿದ ಮೇಲೆ, ವಿಮಾನ ಹಾರಿಸಿದರು ಅಂತ. ದೊಡ್ಡ ಮಾತೇ, ನಿಜವೇ. ಆದರೆ ಗೃಹಸಾಲದ ಕಂತು ಎಣಿಸುವವನಿಗೆ ವಿಮಾನದ ಕಥೆ ಹೇಳಿ ಏನು ಪ್ರಯೋಜನ?

ಮೇಡಂ ಸಿಕ್ಕಿದ್ದು ಹಳೇ ಸಹೋದ್ಯೋಗಿ ಒಬ್ಬರಿಂದ. ಮೈಸೂರಿನವರು, ನನಗಿಂತ ಐದಾರು ವರ್ಷ ಚಿಕ್ಕವರು, ಕಂಪನಿಯೊಂದರ ಎಚ್‌ಆರ್‌ನಲ್ಲಿ ಬಹಳ ವರ್ಷ ಇದ್ದು ಬಿಟ್ಟು ಬಂದವರು. ನಾನು ಮೊದಲು ಮಾಡಿದ್ದು ಕೆವೈಸಿ. ನಮ್ಮಲ್ಲಿ ಯಾರು ಬೇಕಾದರೂ ಕೋಚ್ ಅಂತ ಬೋರ್ಡು ಹಾಕಿಕೊಳ್ಳಬಹುದು, ಲೈಸೆನ್ಸು ಗೀಲೆನ್ಸು ಏನೂ ಬೇಡ. ಹಾಗಾಗಿ ಸರ್ಟಿಫಿಕೇಟ್ ಕೇಳಿದೆ. ನಗುತ್ತಲೇ ಕಳಿಸಿದರು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಅಂತ ಒಂದು ಸಂಸ್ಥೆ ಇದೆ, 1995ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದರಲ್ಲಿ ಮೂರು ಮೆಟ್ಟಿಲು. ತರಬೇತಿಯ ಜೊತೆಗೆ 100 ಗಂಟೆ ಜನರ ಜೊತೆ ಕೂತಿದ್ದರೆ ಮೊದಲನೆಯದು, 500 ಗಂಟೆಗೆ ಎರಡನೆಯದು, 2,500ಕ್ಕೆ ಮೂರನೆಯದು. ಇವರು ಎರಡನೆಯ ಮೆಟ್ಟಿಲಿನವರು. ಎಂಟು ಸೆಷನ್, ಒಂದಕ್ಕೆ 3,000. “ಇಷ್ಟ ರೊಕ್ಕದಾಗ ಒಂದು ಹೊಸಾ ಪೇಟಿ ಬರ್ತಿತ್ತು” ಅಂದಳು ಹೆಂಡತಿ. ಲೆಕ್ಕ ಸರಿಯಾಗೇ ಇತ್ತು.

ಮೊದಲ ದಿನ ವಿಡಿಯೋ ಕಾಲ್‌ನಲ್ಲಿ ಎಲ್ಲ ಹೇಳಿ ಮುಗಿಸಿದೆ. ಅಪ್ಪ, ಅವ್ವ, ಪಾಲಿಟಾಣಾ, ಸಾಲ, ಮಗಳು. ಕೊನೆಗೆ ಕೇಳಿದೆ, “ಈಗ ಹೇಳ್ರಿ ಮೇಡಂ, ನೌಕರಿ ಬಿಡಲೋ ಬ್ಯಾಡೋ?”

“ನಾನು ಹೇಳಲ್ಲ ಸರ್” ಅಂದರು.

ಇದೆಂಥ ಮಾತು ಅನಿಸಿತು. ಮೂರು ಸಾವಿರ ತಗೊಂಡು ಹೇಳಲ್ಲ ಅಂದರೆ? ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಸಲಹೆ ಕೊಡುವವರು ಬೇರೆ, ಅದೇ ದಾರಿಯಲ್ಲಿ ಹೋಗಿ ಬಂದು ಕೈಹಿಡಿದು ನಡೆಸುವವರು ಬೇರೆ, ಮನಸ್ಸಿನ ಕಾಯಿಲೆ ನೋಡುವವರು ಬೇರೆ. ನಾನು ಕೇಳ್ತೀನಿ, ನೀವು ಹೇಳಬೇಕು, ಅಷ್ಟೇ ನನ್ನ ಕೆಲಸ ಅಂದರು. ಜೊತೆಗೆ ಇನ್ನೊಂದು ಮಾತು ಹೇಳಿದರು, ಅದು ನನಗೆ ಹಿಡಿಸಿತು. “ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅಂತಾದ್ರೆ ಮೊದಲು ಡಾಕ್ಟರ ಹತ್ರ ಹೋಗಿ. ನನ್ನ ಹತ್ರ ಆಮೇಲೆ ಬರಬಹುದು, ಅಲ್ವಾ?” ನಿದ್ದೆ ಚೆನ್ನಾಗಿ ಬರುತ್ತಿತ್ತು. ಬ್ಯಾಂಕಿನಲ್ಲೂ ಬರುತ್ತಿತ್ತು, ಅದೇ ತೊಂದರೆ.

ಮೊದಲ ಹೋಂವರ್ಕು: ಎರಡು ವಾರ, ಪ್ರತಿ ತಾಸಿಗೊಮ್ಮೆ, ಏನು ಮಾಡಿದೆ, ಹೊತ್ತು ಹೇಗೆ ಹೋಯಿತು ಅಂತ ಬರೆಯಬೇಕು. ನಾನು ಲೆಡ್ಜರ್ ಗೀಟು ಹಾಕಿ ಜಮಾ, ಖರ್ಚು ಅಂತ ಎರಡು ಕಾಲಂ ಮಾಡಿದೆ. ಹೊತ್ತು ಹೋದದ್ದು ಗೊತ್ತಾಗದಿದ್ದರೆ ಜಮಾ, ಗಡಿಯಾರ ನೋಡಿದರೆ ಖರ್ಚು. ಎರಡು ವಾರದಲ್ಲಿ ಜಮಾ ಕಾಲಂನಲ್ಲಿ ಬಿದ್ದದ್ದು ಐದೇ ಸಾಲು. ಎರಡು, ಭಾನುವಾರ ಹುಬ್ಬಳ್ಳಿಯ ಮುದುಕರ ಅಂಗಡಿ. ಉಳಿದ ಮೂರೂ ಬ್ಯಾಂಕಿನವೇ. ಮೂರೂ ಪಾಸ್‌ಬುಕ್ ಪ್ರಿಂಟರ್!

ಆ ಪ್ರಿಂಟರ್ ಕೆಟ್ಟರೆ ಇಡೀ ಬ್ರಾಂಚು ನನ್ನನ್ನು ಕರೆಯುತ್ತಿತ್ತು. ಸರ್ವಿಸ್‌ನವನು ಬರುವುದು ಎರಡು ದಿನಕ್ಕೆ, ಅಷ್ಟರಲ್ಲಿ ಪೆನ್ಷನ್ ಅಜ್ಜಂದಿರ ಸಾಲು ಗೇಟು ದಾಟಿರುತ್ತದೆ. ನಾನು ಮುಚ್ಚಳ ತೆಗೆದು ಹೆಡ್ ಓಡುವ ಸದ್ದು ಕೇಳಿ, ರಿಬ್ಬನ್ ಸಿಕ್ಕಿದೆಯೋ, ಕಾಗದದ ಚೂರು ಕೂತಿದೆಯೋ ಹೇಳಿಬಿಡುತ್ತಿದ್ದೆ. ಮೇಡಂ ಇದನ್ನೆಲ್ಲ ಕೇಳಿಸಿಕೊಂಡು, “ನೀವು ಸದ್ದಿನ ವಿಷಯ ಹೇಳ್ತಿರೋದು ಇದು ಮೂರನೇ ಸಲ ಸರ್” ಅಂದರು. ನನಗೆ ಗೊತ್ತೇ ಇರಲಿಲ್ಲ. ಅವರು ಎಣಿಸುತ್ತಿದ್ದರು.

ಅವರಿಂದ ಎಲ್ಲವೂ ಹೀಗೆ ಚೊಕ್ಕವಾಗಿ ಬಂತು ಅಂತಲ್ಲ. ಒಂದು ದಿನ ಪೇಟಿಯ ಹಣೆಬರಹ ಹೇಳುತ್ತಿದ್ದೆ. ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಅದರಲ್ಲಿ ಸ್ವರಗಳು ಮೊದಲೇ ಕೂತಿರುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಗಂಟಲಿನ ಹಾಗೆ ಜಾರಲು ಬರುವುದಿಲ್ಲ, ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಅನ್ನುವ ವಾದ. ಮೇಡಂ ಕಣ್ಣು ಅರಳಿತು. “ಹಾಗಾದ್ರೆ ನಿಮ್ಮ ಕೆರಿಯರ್ ಕೂಡ ಹಾಗೇ ಅಲ್ವಾ ಸರ್? ಜಾರೋಕಾಗಲ್ಲ, ಹಾರಬೇಕು!” ನನಗೆ ಸಿಟ್ಟು ಬಂತು. ಪೇಟಿ ಪೇಟಿಯೇ, ಅದು ಯಾವುದಕ್ಕೂ ಉಪಮೆಯಲ್ಲ ಅಂದೆ. ಅವರು ಸಾರಿ ಕೇಳಿದರು. ಇನ್ನೊಮ್ಮೆ, ಲಿಂಕ್ಡ್‌ಇನ್‌ನಲ್ಲಿ ಈ ಕ್ಷೇತ್ರದವರನ್ನು ಪರಿಚಯ ಮಾಡಿಕೊಳ್ಳಿ ಅಂದರು. ಪೇಟಿ ರಿಪೇರಿಯವರು ಲಿಂಕ್ಡ್‌ಇನ್‌ನಲ್ಲಿ ಇರುವುದಿಲ್ಲ. ಮಸೀದಿ ಹಿಂದಿನ ಓಣಿಯಲ್ಲಿ ಇರುತ್ತಾರೆ, ಶುಕ್ರವಾರ ಮಧ್ಯಾಹ್ನ ಅಲ್ಲೂ ಇರುವುದಿಲ್ಲ.

ನಾಲ್ಕನೇ ಸೆಷನ್ ನೆನಪಿದೆ. ಅವತ್ತು ಅವರು ಕೇಳಿದ್ದು: “ಸರ್, ನೀವು ಬ್ರಾಂಚಿನಲ್ಲಿ ಸಾಲದ ಅರ್ಜಿ ನೋಡ್ತೀರಲ್ಲ. ನಿಮ್ಮದೇ ಅರ್ಜಿ ಬಂದಿದ್ರೆ?”

ಅವತ್ತು ರಾತ್ರಿ ಕೂತು ನಿಜವಾಗಲೂ ಫಾರಂ ತುಂಬಿದೆ. ಅರ್ಜಿದಾರನ ವಯಸ್ಸು 46, ಉದ್ದೇಶ ಹಾರ್ಮೋನಿಯಂ ರಿಪೇರಿ ಘಟಕ, ಅನುಭವ ಹನ್ನೊಂದು ಭಾನುವಾರ. ತಿರಸ್ಕರಿಸಿದೆ. ಕೆಂಪು ಶಾಯಿಯಲ್ಲಿ ಕಾರಣವನ್ನೂ ಬರೆದೆ. ಮುಂದಿನ ಸಲ ತೋರಿಸಿದಾಗ ಮೇಡಂ ಬಹಳ ನಕ್ಕರು. ಆಮೇಲೆ, “ಏನೇನಿದ್ರೆ ಮಂಜೂರು ಮಾಡ್ತಿದ್ರಿ?” ಅಂದರು.

ಎಂಟು ಸೆಷನ್‌ಗಳಲ್ಲಿ ನನಗೆ ನಿಜಕ್ಕೂ ಕೆಲಸಕ್ಕೆ ಬಂದ ಪ್ರಶ್ನೆ ಅದೊಂದೇ. 25 ವರ್ಷ ಊರಿನವರ ಲೆಕ್ಕ ನೋಡಿದವನು ನನ್ನ ಲೆಕ್ಕವನ್ನೇ ನೋಡಿರಲಿಲ್ಲ. ಬರೀ ಹೆದರಿಕೊಂಡಿದ್ದೆ. ಬ್ಯಾಂಕಿನ 1995ರ ಪೆನ್ಷನ್ ನಿಯಮಾವಳಿ ತೆಗೆದು ಕೂತೆ. 20 ವರ್ಷ ಸೇವೆಯಾದವನು ಮೂರು ತಿಂಗಳ ನೋಟಿಸು ಕೊಟ್ಟು ತಾನೇ ನಿವೃತ್ತಿ ತಗೊಳ್ಳಬಹುದು, 29ನೇ ನಿಯಮ. 33 ವರ್ಷ ಸೇವೆಯಾಗಿದ್ದರೆ ಕೊನೆಯ 10 ತಿಂಗಳ ಸರಾಸರಿ ಪಗಾರದ ಅರ್ಧ ಪೆನ್ಷನ್. ನನಗಾಗುವುದು 25. ಹೀಗೆ ಬಿಟ್ಟವರಿಗೆ ಐದು ವರ್ಷದವರೆಗೆ ಸೇರಿಸಿ ಹಿಡಿಯುತ್ತಾರೆ, ಆಗ 30. ಅಂದರೆ ಆ ಅರ್ಧದ 33 ಪಾಲಿನಲ್ಲಿ 30 ಪಾಲು ನನ್ನದು, ಮೇಲೆ ತುಟ್ಟಿಭತ್ಯೆ. ಗ್ರಾಚ್ಯುಟಿ ಬರುತ್ತದೆ, ಪೆನ್ಷನ್ನಿನ ಮೂರನೇ ಒಂದು ಪಾಲನ್ನು ಮೊದಲೇ ಗಂಟಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಗೃಹಸಾಲ ತೀರುತ್ತದೆ. ಆಸ್ಪತ್ರೆ ವಿಮೆಯ ಕಂತು ಇನ್ನು ನನ್ನ ಜೇಬಿನಿಂದ.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ, ಅದನ್ನು ಇಲ್ಲೇ ಹೇಳಿಬಿಡಬೇಕು. 2010ರ ಏಪ್ರಿಲ್ 1ರಿಂದ ಈಚೆ ಬ್ಯಾಂಕು ಸೇರಿದವರಿಗೆ ಈ ಪೆನ್ಷನ್ ಇಲ್ಲ, ಎನ್‌ಪಿಎಸ್ ಅನ್ನುವ ಹೊಸ ಪೆನ್ಷನ್ ಯೋಜನೆ. ಖಾಸಗಿಯವರ ಲೆಕ್ಕವೇ ಬೇರೆ. ಇನ್ನೊಂದು, ನನ್ನ ಹೆಂಡತಿ ಅನುದಾನಿತ ಹೈಸ್ಕೂಲಿನಲ್ಲಿ ಶಿಕ್ಷಕಿ. ತಿಂಗಳ ಮೊದಲ ವಾರ ಅವಳ ಪಗಾರ ಮನೆಗೆ ಬರುತ್ತದೆ. ಕೆಲಸ ಬಿಟ್ಟು ಮನಸ್ಸಿನ ಮಾತು ಕೇಳಿದೆ ಅಂತ ಬರೆಯುವ ಗಂಡಸರು ಈ ಸಾಲನ್ನು ಯಾಕೋ ಮರೆತೇಬಿಡುತ್ತಾರೆ.

ನನ್ನ ಅರ್ಜಿಗೆ ನಾನೇ ಷರತ್ತು ಹಾಕಿದೆ. ಒಂದೂವರೆ ವರ್ಷದ ಮನೆಖರ್ಚು ಎಫ್‌ಡಿಯಲ್ಲಿ ಇರಬೇಕು, ಮಗಳ ಓದಿನ ದುಡ್ಡು ಮುಟ್ಟಬಾರದು, ಬಿಡುವ ಮೊದಲು ಕನಿಷ್ಠ 20 ಪೇಟಿ ನಾನೊಬ್ಬನೇ ರಿಪೇರಿ ಮಾಡಿ ಕೊಟ್ಟಿರಬೇಕು. ಮೂರನೆಯದೇ ಕಷ್ಟದ್ದು.

ಹುಬ್ಬಳ್ಳಿಯ ಮುದುಕರನ್ನು ಎಲ್ಲರೂ ಉಸ್ತಾದರು ಅನ್ನುತ್ತಾರೆ. ನನ್ನನ್ನು ಅವರು “ಮ್ಯಾನೇಜರ್ ಸಾಹೇಬ್ರ” ಅಂತ ಕರೆದು, ಕುರ್ಚಿ ಒರೆಸಿ, ಚಹಾ ತರಿಸುತ್ತಿದ್ದರು. ಕುರ್ಚಿಯಲ್ಲಿ ಕೂತವನಿಗೆ ಕೆಲಸ ಕಾಣುವುದಿಲ್ಲ, ಕೆಲಸ ನಡೆಯುವುದು ನೆಲದ ಮೇಲೆ. ಮೂರು ತಿಂಗಳ ಮೇಲೆ ಒಂದು ದಿನ ಗಿರಾಕಿಯ ಜೊತೆ ಮಾತಾಡುತ್ತಲೇ ನನ್ನ ಕಡೆ ತಿರುಗದೆ ಕೈ ಚಾಚಿದರು. “ಏ ಇವನ, ಆ ಸಣ್ಣ ಅರ ಕೊಡಿಲ್ಲೆ.” ಕೊಟ್ಟೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, “ಅದಕ್ಕ ಇಷ್ಟ ಖುಷಿಯೇನ್ರಿ?” ಅಂದಳು.

ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ರೀಡ್ ಅಂದರೆ ಒಂದು ಹಿತ್ತಾಳೆ ಪಟ್ಟಿ, ಅದರಲ್ಲೊಂದು ಸೀಳು, ಸೀಳಿನ ಮೇಲೆ ಒಂದೇ ಕಡೆ ಬಿಗಿದ ತೆಳ್ಳಗಿನ ನಾಲಿಗೆ. ಗಾಳಿ ಹಾದರೆ ನಾಲಿಗೆ ಅದುರುತ್ತದೆ, ಅದೇ ಸ್ವರ. ಸ್ವರ ಇಳಿದಿದ್ದರೆ ನಾಲಿಗೆಯ ತುದಿಯನ್ನು ಕೆರೆಯಬೇಕು, ತುದಿ ಹಗುರಾಗಿ ಸ್ವರ ಏರುತ್ತದೆ. ಏರಿದ್ದರೆ ಬುಡದಲ್ಲಿ ಕೆರೆಯಬೇಕು, ಬುಡ ಸಡಿಲವಾಗಿ ಇಳಿಯುತ್ತದೆ. ಕೆರೆಯುವ ಮೊದಲು ನಾಲಿಗೆಯ ಕೆಳಗೆ ತೆಳ್ಳನೆ ತಗಡು ತೂರಿಸಬೇಕು, ಇಲ್ಲದಿದ್ದರೆ ಬಾಗುತ್ತದೆ. ಎಷ್ಟು ಕೆರೆಯಬೇಕು? ಬೆರಳ ತುದಿಗೆ ಹೊಳಪು ಹತ್ತುವಷ್ಟು. ಒಂದು ಮನೆಗೆ, ಅಂದರೆ ಒತ್ತುವ ಕೀಗೆ, ಎರಡು ರೀಡ್ ಇದ್ದರೆ ಎರಡನ್ನೂ ಒಟ್ಟಿಗೆ ಒತ್ತಿ ಕೇಳಬೇಕು. ಕೂಡದಿದ್ದರೆ ಸ್ವರದೊಳಗೆ ಒಂದು ಅಲೆ ಕೇಳಿಸುತ್ತದೆ, ವಂವ್, ವಂವ್, ವಂವ್. ಕೆರೆದ ಹಾಗೆ ಅಲೆ ನಿಧಾನವಾಗುತ್ತದೆ. ಇನ್ನೂ ನಿಧಾನ. ಆಮೇಲೆ ಇಲ್ಲ. ಈಗೆಲ್ಲ ಮೊಬೈಲಿನಲ್ಲಿ ಟ್ಯೂನರ್ ಇದೆ, ನಾನೂ ಬಳಸುತ್ತೇನೆ. ಉಸ್ತಾದರು ಮುಟ್ಟುವುದಿಲ್ಲ. ಅಲೆ ನಿಂತ ಗಳಿಗೆಗೆ ಅವರ ಹುಬ್ಬು ಇಷ್ಟೇ ಇಷ್ಟು ಇಳಿಯುತ್ತದೆ.

ಏಳನೇ ಪೇಟಿಯಲ್ಲಿ ನಾನು ನಾಲಿಗೆ ಮುರಿದೆ. ಒಂದು ಭಜನಾ ಮಂಡಳಿಯದು, ಮರುದಿನ ಅವರಿಗೆ ಸಪ್ತಾಹ. ಬುಡದಲ್ಲಿ ಕೆರೆಯುತ್ತಿದ್ದೆ, ಟಣ್ ಅಂತ ಸಣ್ಣ ಸದ್ದು, ನಾಲಿಗೆ ಹಾರಿ ಎಲ್ಲೋ ಬಿತ್ತು. ಬ್ಯಾಂಕಿನಲ್ಲಿ ತಪ್ಪಾದರೆ ರಿವರ್ಸಲ್ ಎಂಟ್ರಿ ಹಾಕಬಹುದು. ಹಿತ್ತಾಳೆಗೆ ಆ ಸೌಲಭ್ಯ ಇಲ್ಲ. ಉಸ್ತಾದರು ಬೈಯಲಿಲ್ಲ. ಹಳೇ ಡಬ್ಬಿ ಮುಂದೆ ತಳ್ಳಿದರು. ಅದರಲ್ಲಿ ನೂರಾರು ಹಳೇ ರೀಡು. ಊದಿ ಊದಿ ಜೋಡಿ ಹುಡುಕು ಅಂದರು. ರಾತ್ರಿ ಹತ್ತೂವರೆಗೆ ಸಿಕ್ಕಿತು. ತುಟಿಯೆಲ್ಲ ಹಿತ್ತಾಳೆ ರುಚಿ.

ಮುಂದಿನ ಸೆಷನ್‌ನಲ್ಲಿ ಮೇಡಂಗೆ ಹೇಳಿದೆ, ಷರತ್ತು ಪೂರೈಸುತ್ತ ಬಂದಿದ್ದೇನೆ, ಲೆಕ್ಕ ಕೂಡಿದೆ, ಆದರೂ ನೋಟಿಸು ಬರೆಯಲು ಕೈ ಏಳುತ್ತಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರ ಅಪ್ಪಣೆಗೆ ಕಾಯ್ತಿದ್ದೀರಿ ಸರ್?” ಅಂದರು.

“ನಿಮ್ಮದು” ಅಂದೆ. ತಮಾಷೆಗೆ ಅಂದದ್ದು. ಅರ್ಧ ತಮಾಷೆಗೆ.

ಯೋಚನೆ ಮಾಡಿದರೆ ನಾನು ಅವರ ಹತ್ತಿರ ಹೋದದ್ದೇ ಅದಕ್ಕೆ. ಚಿಕ್ಕವರಿದ್ದಾಗ ಅಪ್ಪಣೆ ಕೊಡುವವರು ಬೇಕಾದಷ್ಟು ಜನ. ಅಪ್ಪ, ಮಾವ, ಮಾಸ್ತರು, ಮದುವೆಗೆ ಜಾತಕ ನೋಡುವವರು. ನಲವತ್ತೈದು ದಾಟುವ ಹೊತ್ತಿಗೆ ಒಬ್ಬೊಬ್ಬರೇ ಹೋಗಿರುತ್ತಾರೆ, ಇಲ್ಲವೇ ನಮ್ಮನ್ನೇ ಕೇಳಲು ಬರುತ್ತಾರೆ. ಖಾಲಿ ಬಿದ್ದ ಆ ಕುರ್ಚಿಗೆ ನಾನು ಮೂರು ಸಾವಿರ ಕೊಟ್ಟು ಒಬ್ಬರನ್ನು ಕೂರಿಸಲು ನೋಡಿದ್ದೆ. ಅವರು ಕೂರಲು ಒಪ್ಪಲಿಲ್ಲ. ವೆಬಿನಾರ್‌ನವನಾಗಿದ್ದರೆ ಖುಷಿಯಿಂದ ಕೂರುತ್ತಿದ್ದ.

“ಅವ್ವನ್ನ ಕೇಳಿದ್ರಾ?” ಅಂದರು ಮೇಡಂ.

ಕೇಳಿರಲಿಲ್ಲ. ಅವ್ವನಿಗೆ 74. ಪೇಟಿ ಅಂದರೆ ಹಸಿವು ಅಂತಲೇ ಅವಳ ಲೆಕ್ಕ. ಒಂದು ವಾರ ಹೊತ್ತು ನೋಡಿ ಒಂದು ಸಂಜೆ ಹೇಳಿದೆ. ಕಾಳು ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ. “ನಿಮ್ಮಪ್ಪ ಹಂಗ ಅಂದಿದ್ದ. ಏನೂ ಆಗೂದಿಲ್ಲ ಅಂದಿದ್ದ.” ಮತ್ತೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೇ ದಿನ, “ಹಣಮಪ್ಪನ್ನ ಕೇಳ್ತೀನಿ. ಅಂವಾ ಏನಂತಾನೋ ಅದ” ಅಂದಳು.

ನಮ್ಮೂರಿನ ಹಣಮಪ್ಪ ಹೂ ಕೊಡುತ್ತಾನೆ. ಪೂಜಾರಿ ಒದ್ದೆ ಹೂ ಮೂರ್ತಿಗೆ ಹಚ್ಚುತ್ತಾನೆ, ಕೇಳುವವರು ಮುಂದೆ ಕೂತು ಕಾಯುತ್ತಾರೆ. ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಬ್ಯಾಡ. ನನ್ನ ನೌಕರಿಗೂ ಕೇಳಿದ್ದಳು, ಮದುವೆಗೂ ಕೇಳಿದ್ದಳು. 2023ರ ಜುಲೈ ಅದು. ಹಿಂದಿನ ತಿಂಗಳು 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಬಸ್ಸು ತುಂಬಿ ತುಳುಕುತ್ತಿದ್ದವು. ಕಾರಿನಲ್ಲಿ ಬಿಟ್ಟು ಬರುತ್ತೇನೆ ಅಂದರೂ ಕೇಳಲಿಲ್ಲ. ಒಬ್ಬಳೇ ಹೋದಳು, ಒಬ್ಬಳೇ ಬಂದಳು. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಬಲಕ್ಕ ಕೊಟ್ಟ” ಅಂದಳು. ಎಲೆಯಲ್ಲಿ ಸುತ್ತಿದ ಒಂದು ಸೇವಂತಿಗೆ ಕೈಗೆ ಹಾಕಿದಳು.

ಆಗಸ್ಟ್ 1ಕ್ಕೆ ನೋಟಿಸು ಕೊಟ್ಟೆ. ಅಕ್ಟೋಬರ್ 31ಕ್ಕೆ ಶಾಲು, ಹಾರ, ಒಂದು ಗೋಡೆ ಗಡಿಯಾರ. ಭಾಷಣದಲ್ಲಿ ಒಬ್ಬರು ನಮ್ಮ ಪ್ರಿಂಟರ್ ಅನಾಥವಾಯಿತು ಅಂದರು. ನಿಜವಾಗಿ ಹೊಗಳಿದ್ದು ಅದೊಂದೇ ಅನಿಸಿತು.

ಆಮೇಲಿನದು ದೊಡ್ಡ ಕಥೆಯಲ್ಲ. ಮನೆಯ ಮುಂದಿನ ಖೋಲಿಯಲ್ಲಿ ಕೂತಿದ್ದೇನೆ, ನೆಲದ ಮೇಲೆ. ಮೊಣಕಾಲು ನೋಯುತ್ತದೆ. ಮೊದಲ ಆರು ತಿಂಗಳು, ಯಾರಾದರೂ “ಏನು ಮಾಡ್ತೀರಿ?” ಅಂದರೆ “ಬ್ಯಾಂಕಿನಲ್ಲಿದ್ದೆ” ಅಂತಲೇ ಬಾಯಿಗೆ ಬರುತ್ತಿತ್ತು. ಕಳೆದ ತಿಂಗಳು 11 ಪೇಟಿ ಬಂದವು, ಖರ್ಚು ಕಳೆದು 13 ಸಾವಿರ ಉಳಿಯಿತು. ಮಳೆಗಾಲದಲ್ಲಿ ಜಾಸ್ತಿ, ಮರ ಉಬ್ಬಿ ಮನೆಗಳು ಹಿಡಿದುಕೊಳ್ಳುತ್ತವೆ. ಶ್ರಾವಣದಲ್ಲಿ ಭಜನೆಯವರು ಸಾಲಾಗಿ ಬರುತ್ತಾರೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ಗದಗಿನ ಕಡೆಯಿಂದಲೂ ಜನ ಬರುತ್ತಾರೆ. ಅಲ್ಲಿ ಕಲಿತವರೊಬ್ಬರು ಪೇಟಿ ತಂದರೆ ನಾನು ಬಹಳ ಜೋಪಾನ. ಅವರು ಕೈಯಾಡಿಸಿಯೇ ಎಲ್ಲಿ ಗಾಳಿ ಸೋರುತ್ತಿದೆ ಹೇಳಿಬಿಡುತ್ತಾರೆ.

ಮೇಡಂ ಜೊತೆಗಿನ ಎಂಟನೇ ಸೆಷನ್ನನ್ನು ನೌಕರಿ ಬಿಟ್ಟಮೇಲೆ ಇಟ್ಟುಕೊಂಡಿದ್ದೆ. ಹೆಚ್ಚು ಮಾತಿರಲಿಲ್ಲ. ಹೊಸದಾಗಿ ರಿಪೇರಿಯಾದ ಒಂದು ಪೇಟಿಯನ್ನು ಕ್ಯಾಮೆರಾ ಮುಂದೆ ಇಟ್ಟು ಬಾರಿಸಿ ತೋರಿಸಿದೆ. ನನಗೆ ಬಾರಿಸಲು ಅಷ್ಟು ಬರುವುದಿಲ್ಲ. ಅವರು ಕೇಳಿ, “ಚೆನ್ನಾಗಿದೆ ಅಂತ ಹೇಳಬಹುದಾ? ಅದು ಸಲಹೆ ಅಲ್ಲ ತಾನೇ?” ಅಂದರು.

ಹೋದ ವರ್ಷ ಶ್ರಾವಣ ಶನಿವಾರ ಊರಿಗೆ ಹೋಗಿದ್ದೆ. ಗುಡಿಯ ಪೇಟಿಯನ್ನೂ ನೋಡಿಕೊಡು ಅಂದಿದ್ದರು. ಕಟ್ಟೆಯ ಮೇಲೆ ಬಿಚ್ಚಿಕೊಂಡು ಕೂತಾಗ ಪೂಜಾರಿ ಪಕ್ಕಕ್ಕೆ ಬಂದು ಕೂತ. ಮಾತಿಗೆ ಮಾತು ಬಂದು ಅವತ್ತಿನ ಹೂವಿನ ಸುದ್ದಿ ಬಂತು. “ಅವತ್ತ ಹೂ ಎಲ್ಲಿ ಬಿತ್ತರೀ? ಆಯಿ ಎರಡು ತಾಸು ಕುಂತಿದ್ಲು. ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ಕಡೀಕ ತಾನ ಎದ್ದು ಬಲಗಡಿ ಹೂ ಕಿತ್ಕೊಂಡು ಹೋದ್ಲು. ನಾ ಏನೂ ಅನ್ನಲಿಲ್ಲ.”

ಧಾರವಾಡಕ್ಕೆ ಬರುವವರೆಗೂ ಅದೇ ತಲೆಯಲ್ಲಿ. ಕೇಳಬಾರದು ಅಂದುಕೊಂಡೆ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ಅವ್ವಾ, ಅವತ್ತ ಹಣಮಪ್ಪ ಖರೇನ ಹೂ ಕೊಟ್ಟಿದ್ನಾ?”

ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

“ಅಂವಾ ಕೊಡೂತನಾ ಕುಂತಿದ್ರ, ನನ್ನ ನಾಲ್ಕೂವರಿ ಬಸ್ಸು ಹೋಗ್ತಿತ್ತಲ್ಲೋ.”